ಕೂತ್ಕೊಳ್ಳಿ ಮ್ಯಾನೇಜರೇ

ಹುಡುಗನಾಗಿದ್ದಾಗ ಅವನು ಅಪ್ಪನ ಅಂಗೈ ಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದ. ಮೇಲಿನವರು ಏನೇ ಹೇಳಲಿ, 'ಯಾಕೆ' ಎಂದು ಕೇಳುವುದಿಲ್ಲ.

ಅಪ್ಪ ಇಂಥ ಮಾತು ತೆಗೆದುಕೊಳ್ಳಲು ಕಾರಣವಿತ್ತು. ಅವರು ಯಾವುದೋ ಕಚೇರಿಯಲ್ಲಿ ಜವಾನರಾಗಿದ್ದರು. ಒಂದು ದಿನ ಬೆಳಿಗ್ಗೆ ಸಾಹೇಬರು ಕಬ್ಬಿಣದ ಬೀರುವೊಂದನ್ನು ಮಹಡಿಗೆ ಹತ್ತಿಸಲು ಹೇಳಿದರು. ಹತ್ತಿಸಿದರು. ಮಧ್ಯಾಹ್ನ ಕೆಳಗಿಳಿಸಲು ಹೇಳಿದರು. ಇಳಿಸಿದರು. ಸಂಜೆ ಮತ್ತೆ ಹತ್ತಿಸಲು ಹೇಳಿದಾಗ, ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದ ಅಪ್ಪ ಜೀವಮಾನದಲ್ಲಿ ಮೊದಲ ಸಲ "ಯಾಕೆ ಸಾರ್?" ಎಂದರು. ಬೀರು ಮೇಲೆ ಹೋಯಿತು. ಅಪ್ಪ ಮನೆಗೆ ಬಂದರು. ಆಮೇಲೆ ಯಾವ ಕೆಲಸವೂ ಅವರ ಕೈಗೆ ಹತ್ತಲಿಲ್ಲ. ಆ ಒಂದು ಪದವೇ ಇಡೀ ಮನೆಯ ಅನ್ನ ತಿಂದುಹಾಕಿತು ಎಂದು ಅವರು ಕೊನೆಯವರೆಗೂ ನಂಬಿದ್ದರು.

"ಮೇಲಿರೋನು ಕತ್ತೆ ತೋರ್ಸಿ ಕುದುರೆ ಅಂದ್ರೂ, ಜೀನು ಎಲ್ಲಿಟ್ಟಿದ್ದೀರಿ ಸಾರ್ ಅಂತ ಕೇಳು. ಯಾಕೆ ಅಂತ ಮಾತ್ರ ಕೇಳ್ಬೇಡ ಮಗಾ."

ಮಗ ಮಾತು ಕೊಟ್ಟು, ಬದಲಿಗೆ ಒಂದು ಜೊತೆ ಹೊಸ ಚಪ್ಪಲಿ ಪಡೆದ. ಚಪ್ಪಲಿ ಆ ವರ್ಷವೇ ಕಿತ್ತುಹೋಯಿತು. ಮಾತು ಗಟ್ಟಿಮುಟ್ಟಾಗಿ ಉಳಿಯಿತು.

ಆ ಮಗ ಈಗ ಕುರ್ಚಿ ಮಾರುವ ಕಂಪನಿಯೊಂದರ ಶಾಖೆಯಲ್ಲಿ ಇನ್‌ಚಾರ್ಜು. ಹಿಂದಿನ ಮ್ಯಾನೇಜರು ನಿವೃತ್ತರಾದ ದಿನ ಹೆಡ್ ಆಫೀಸಿನವರು ಫೋನು ಮಾಡಿ, "ಹೊಸಬರು ಬರೋ ತನಕ ನೀವೇ ಸ್ವಲ್ಪ ನೋಡ್ಕೊಂಡಿರಿ" ಎಂದಿದ್ದರು. ಅವನು ನೋಡಿಕೊಂಡ. ಹೊಸಬರು ಬರಲಿಲ್ಲ. ನೋಡಿಕೊಳ್ಳಲು ಹೇಳಿದವರು ಅದನ್ನು ಮರೆತರು. ಅವನ ಮದುವೆಯಾಯಿತು, ತಡವಾಗಿ ಒಂದು ಮಗುವಾಯಿತು, ತಲೆಗೂದಲು ಅರ್ಧ ಹೋಯಿತು. ಅವನು ಇನ್ನೂ 'ಸ್ವಲ್ಪ' ನೋಡಿಕೊಳ್ಳುತ್ತಲೇ ಇದ್ದ. ಗಿರಾಕಿಗಳಿಗೆ ಅವನು ಇನ್‌ಚಾರ್ಜು, ಹಾಲಿನವನಿಗೂ ಇನ್‌ಚಾರ್ಜು. ಅತ್ತೆಯಂತೂ ಹೊಸಬರಿಗೆ "ಇವರು ನಮ್ಮ ಅಳಿಯ" ಎಂದು ಪರಿಚಯಿಸಿ, ಉಸಿರೆಳೆದುಕೊಂಡು, "ಇನ್‌ಚಾರ್ಜು" ಎಂದು ಸೇರಿಸುತ್ತಿದ್ದರು. ಅಳಿಯನ ಪಟ್ಟವೂ ತಾತ್ಕಾಲಿಕವೇನೋ ಎಂದು ಕೇಳಿದವರಿಗೆ ಅನ್ನಿಸುತ್ತಿತ್ತು.

ಆ ಶಾಖೆಯ ತುಂಬ ಕುರ್ಚಿಗಳಿದ್ದವು. ಕೂರಲು ಒಂದೂ ಇರಲಿಲ್ಲ. ಮಾರುವ ಕುರ್ಚಿಯಲ್ಲಿ ಕೆಲಸದವರು ಕೂರಬಾರದೆಂದು ಹಳೆಯ ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಗೇಟಿನ ತಾತ ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕೂರುತ್ತಿದ್ದ. ಲೆಕ್ಕ ಬರೆಯುವ ಅಕ್ಕ ಮನೆಯಿಂದ ಮರದ ಸ್ಟೂಲು ತಂದುಕೊಂಡಿದ್ದಳು. ಇನ್‌ಚಾರ್ಜು ಮಾತ್ರ ಹಜಾರದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ; ಅವನ ಭುಜದ ಎತ್ತರಕ್ಕೆ ಸರಿಯಾಗಿ ಕಂಬದ ಸುಣ್ಣ ಎಣ್ಣೆಗಟ್ಟಿ ಕಪ್ಪಾಗಿತ್ತು. ಮೂಲೆಯ ಗಾಜಿನ ಕ್ಯಾಬಿನ್ನಿನಲ್ಲಿ ಮ್ಯಾನೇಜರರ ಕುರ್ಚಿಯಿತ್ತು. ಎತ್ತರದ ಬೆನ್ನು, ಕೆಳಗೆ ಗಾಲಿ, ಮೈತುಂಬ ಬಿಚ್ಚದ ಪ್ಲಾಸ್ಟಿಕ್. ದಿನವೂ ಬೆಳಿಗ್ಗೆ ಇನ್‌ಚಾರ್ಜು ಅದನ್ನು ಒರೆಸಿ, ಒಮ್ಮೆ ತಿರುಗಿಸಿ ನೋಡಿ, ಹೊರಗೆ ಬರುತ್ತಿದ್ದ. ಅದು ಮ್ಯಾನೇಜರರದು. ಅವನು ಇನ್‌ಚಾರ್ಜು.

ಹೆಡ್ ಆಫೀಸಿನಿಂದ ಫೋನು ಬಂದರೆ ಎಲ್ಲರೂ ಎದ್ದು ನಿಲ್ಲಬೇಕೆಂಬುದು ಇನ್ನೊಂದು ರೂಢಿ. ನಿಂತೇ ಇರುವವನು ಇನ್ನೆಲ್ಲಿಂದ ಎದ್ದಾನು? ಅವನು ಹಿಮ್ಮಡಿ ಕೂಡಿಸಿ ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಹೀಗಿರುವಾಗ ಹಳೆಯ ಯಜಮಾನರು ತೀರಿಕೊಂಡರು. ದೂರದೇಶದಲ್ಲಿದ್ದ ಮಗ ಬಂದು ಪಟ್ಟಕ್ಕೇರಿದರೆಂದು ಸುದ್ದಿ ಬಂತು. ಶಾಖೆಯಲ್ಲಿ ಯಾರೂ ಆ ಮಗನ ಮುಖ ಕಂಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ. ಮುಂದಿನ ಸೋಮವಾರ ಇನ್‌ಚಾರ್ಜಿನ ಮೊಬೈಲು ಬಡಿದುಕೊಂಡಿತು.

"ಮ್ಯಾನೇಜರ್ ಇದ್ದಾರಾ?"

ಎಂಥ ದನಿ! ಬಾವಿಯ ತಳದಿಂದ ಬಂದಂತೆ ಗಂಭೀರ, ಆದರೂ ಬೆಚ್ಚಗೆ.

"ಮ್ಯಾನೇಜರ್ ಇಲ್ಲ ಸಾರ್. ನಾನು ಇನ್‌ಚಾರ್ಜು."

"ಎಷ್ಟು ವರ್ಷದಿಂದ?"

"ಬಹಳ ವರ್ಷ ಆಯ್ತು ಸಾರ್."

"ನಮ್ಮ ತಂದೆಯವರು ಇದೊಂದು ಅನ್ಯಾಯ ಮಾಡ್ಬಿಟ್ರು ನೋಡಿ. ನಾನು ಚಿಕ್ಕ ಯಜಮಾನ ಮಾತಾಡ್ತಿರೋದು. ಇವತ್ತಿಂದ ನೀವೇ ಮ್ಯಾನೇಜರ್. ಈಗ ಎಲ್ಲಿದ್ದೀರಿ?"

"ಕಂಬದ ಹತ್ರ ಸಾರ್."

"ಕಂಬದ ಹತ್ರ ಮ್ಯಾನೇಜರಿಗೆ ಏನ್ ಕೆಲಸ? ಕ್ಯಾಬಿನ್‌ಗೆ ನಡೀರಿ. ಹೋದ್ರಾ? ಕುರ್ಚಿ ಇದ್ಯಾ?"

"ಇದೆ ಸಾರ್. ಪ್ಲಾಸ್ಟಿಕ್ ಸಮೇತ ಇದೆ."

"ಕೂತ್ಕೊಳ್ಳಿ ಮ್ಯಾನೇಜರೇ."

ಅವನು ಕೂತ. ಪ್ಲಾಸ್ಟಿಕ್ ಕರಕರ ಎಂದಿತು. ಮನುಷ್ಯನನ್ನು ಬಗ್ಗಿಸಲು ಗದರಿಸಬೇಕೆಂದು ತಿಳಿದ ದೊಡ್ಡವರು ಲೋಕದಲ್ಲಿ ಬಹಳ ಜನರಿದ್ದಾರೆ. ಈ ಫೋನಿನವನು ಅವರೆಲ್ಲರಿಗಿಂತ ಓದಿಕೊಂಡವನು. ಅವನು ಕೂರಿಸಿದ.

ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಆರ್ಡರ್ ಕೈಗೆ ಬಂತೇನ್ರೀ?"

"ಬಾಯಲ್ಲಿ ಹೇಳಿದ್ದಾರೆ."

"ಸಂಬಳಾನೂ ಬಾಯಲ್ಲೇ ಹೇಳ್ತಾರಾ?"

ಅವನು ಮಗಳ ಕಡೆ ತಿರುಗಿದ. ಐದು ವರ್ಷದ ಮಗಳು ಆಗ 'ಯಾಕೆ' ಕಾಲದಲ್ಲಿದ್ದಳು. ಮಕ್ಕಳನ್ನು ಸಾಕಿದವರಿಗೆ ಆ ಕಾಲದ ಗೋಳು ಬಿಡಿಸಿ ಹೇಳಬೇಕಾಗಿಲ್ಲ.

"ಪುಟ್ಟಾ, ಅಪ್ಪ ಮ್ಯಾನೇಜರ್ ಆದ."

"ಯಾಕೆ?"

"ದೊಡ್ಡೋರು ಹೇಳಿದ್ರು."

"ಯಾಕೆ ಹೇಳಿದ್ರು?"

"ಹಾಲು ಕುಡಿ."

"ಯಾಕೆ?"

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಹೆಂಡತಿ ಸೋಪಿನ ಕೈಯಲ್ಲೇ ಸುದ್ದಿ ಮುಟ್ಟಿಸಿದ್ದಳು. "ಅಳಿಯಂದ್ರೇ, ಸಂತೋಷ ಆಯ್ತಪ್ಪಾ. ಇದು ಖಾಯಮ್ಮಾ, ಇಲ್ಲಾ ಮ್ಯಾನೇಜರ್ ಇನ್‌ಚಾರ್ಜಾ?" ಎಂದು ಅವರು ಕೇಳಿದರು.

ಮರುದಿನದಿಂದ ಅಪ್ಪಣೆಗಳು ಶುರುವಾದವು. ಮೊದಲನೆಯದು ಸಣ್ಣದು. ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಬೇಕು. "ನಮ್ಮ ಕಂಪನಿ ಎಲ್ಲರಿಗಿಂತ ಮುಂದಿರ್ಬೇಕು ಮ್ಯಾನೇಜರೇ." ಅವನು ಏಣಿ ಹತ್ತಿ ತಿರುಗಿಸಿದ. ಎರಡನೆಯದು ಅದಕ್ಕಿಂತ ಸ್ವಲ್ಪ ದೊಡ್ಡದು. ಎಲ್ಲ ಕುರ್ಚಿಗಳನ್ನೂ ಗೋಡೆಗೆ ಮುಖ ಮಾಡಿ ಇಡಬೇಕು. ಅದೂ ಆಯಿತು. ಒಳಗೆ ಬಂದ ಗಿರಾಕಿಗಳು ಕುರ್ಚಿಗಳ ಬೆನ್ನು ನೋಡಿ, ಯಾರದೋ ಮನೆಯ ಜಗಳದ ನಡುವೆ ಬಂದವರ ಹಾಗೆ ಸದ್ದಿಲ್ಲದೆ ವಾಪಸಾದರು.

ಪಕ್ಕದ ಬೀಗದಂಗಡಿಯವನು ಬಾಗಿಲಲ್ಲಿ ನಿಂತು ಇಣುಕಿದ. ಬೀದಿಯ ಸಮಸ್ತ ವಿಚಾರಗಳಲ್ಲೂ ಒಂದು ಅಭಿಪ್ರಾಯ ಇಟ್ಟುಕೊಂಡವನು ಅವನು.

"ಏನ್ ಇನ್‌ಚಾರ್ಜೇ, ಕುರ್ಚಿಗಳೆಲ್ಲ ಮುನಿಸ್ಕೊಂಡ್ಬಿಟ್ಟಿವೆ?"

"ಮ್ಯಾನೇಜರ್ ಅನ್ನಿ."

"ಅದ್ಯಾವಾಗ ಆಯ್ತು?"

"ಸೋಮವಾರ."

"ಅದಕ್ಕೇ ಮುನಿಸ್ಕೊಂಡಿವೆ ಬಿಡಿ."

ಲೆಕ್ಕದ ಅಕ್ಕ ಸ್ಟೂಲಿನಿಂದ ತಲೆಯೆತ್ತಿ ಮೆಲ್ಲಗೆ, "ಗೋಡೆ ಕಡೆ ಯಾಕಂತೆ ಸಾರ್?" ಎಂದಳು.

ಆ ಪದ ಕಿವಿಗೆ ಬೀಳುತ್ತಲೇ ಅವನು ಬೆಚ್ಚಿ ಗೇಟಿನ ಕಡೆ ನೋಡಿದ. ಅಕ್ಕ ಅವನಿಗಿಂತ ಹಿರಿಯಳು, ಅವನಿಗಿಂತ ಮೊದಲು ಕೆಲಸಕ್ಕೆ ಸೇರಿದವಳು. ಗಂಡ ಹಾಸಿಗೆ ಹಿಡಿದು ಎಷ್ಟೋ ಕಾಲವಾಗಿತ್ತು; ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಇನ್‌ಚಾರ್ಜಿನ ಮಗಳು ಹುಟ್ಟಿದ ವಾರ ರಜೆ ಸಿಗದಿದ್ದಾಗ, ಶಾಖೆಯ ಕೆಲಸವನ್ನೆಲ್ಲ ತಾನೇ ಎಳೆದುಕೊಂಡು ಅವನನ್ನು ಆಸ್ಪತ್ರೆಗೆ ಓಡಿಸಿದವಳೂ ಅವಳೇ.

"ಅಕ್ಕಾ, ಅದೆಲ್ಲ ನಮಗ್ಯಾಕೆ? ದೊಡ್ಡೋರು ಹೇಳಿದ್ದಾರೆ."

"ದೊಡ್ಡೋರೇ ಅಂತ ಹೆಂಗೆ ಗೊತ್ತು ಸಾರ್?"

"ದನಿ ಕೇಳಿದ್ರೆ ನಿಮಗೂ ಗೊತ್ತಾಗ್ತಿತ್ತು. ಎಂಥಾ ದನಿ ಅಂತೀರಿ!"

ಅಂದು ಸಂಜೆ ಮೂರನೆಯ ಅಪ್ಪಣೆ ಬಂತು. ಅದನ್ನು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕೇಳಬೇಕಾಯಿತು.

"ಮ್ಯಾನೇಜರೇ, ನಿಮ್ಮೊಬ್ಬರನ್ನೇ ನಂಬಿ ಹೇಳ್ತಿದ್ದೀನಿ. ನಿಮ್ಮ ಶಾಖೇಲಿ ಒಬ್ಬ ದ್ರೋಹಿ ಇದ್ದಾನೆ. ಗಂಡೋ ಹೆಣ್ಣೋ ಇನ್ನೂ ಪತ್ತೆಯಾಗಿಲ್ಲ. ಯಾರು ಜಾಸ್ತಿ ಪ್ರಶ್ನೆ ಕೇಳ್ತಾರೋ ಅವರ ಮೇಲೊಂದು ಕಣ್ಣಿಟ್ಟಿರಿ."

"ಇಡ್ತೀನಿ ಸಾರ್."

"ಎದುರಾಳಿ ಕಂಪನಿಯವರು ಇನ್ನೊಬ್ಬನನ್ನ ಬಿಟ್ಟಿದ್ದಾರೆ. ನಾನೇ ಚಿಕ್ಕ ಯಜಮಾನ ಅಂತ ಹೇಳ್ಕೊಂಡು ಫೋನ್ ಮಾಡ್ತಾನೆ. ಬೈದು ಇಡಿ. ಧೈರ್ಯ ಮಾಡಿ ಬಂದ್ರೂ ಬಂದ. ಬಂದ್ರೆ ಹಿಡಿದು ಕೂಡಿಹಾಕಿ ನನಗೆ ಹೇಳಿ. ನೀವು ಗಟ್ಟಿಗರು, ನನಗೆ ಗೊತ್ತು."

ಗಟ್ಟಿಗರು! ಅವನು ಪ್ಲಾಸ್ಟಿಕ್ಕಿನ ಮೇಲೆ ಇನ್ನಷ್ಟು ನೆಟ್ಟಗೆ ಕೂತ.

ಫೋನಿನವನು ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಮಾರನೇ ದಿನವೇ ಇನ್ನೊಂದು ಕರೆ ಬಂತು. ತೆಳ್ಳಗಿನ ದನಿ, ನೆಗಡಿಯಾಗಿ ಇನ್ನೇನು ಸೀನುತ್ತಾನೆ ಅನ್ನುವ ಹಾಗೆ.

"ಹಲೋ, ಇನ್‌ಚಾರ್ಜಾ? ನಾನ್ರೀ, ಹೊಸದಾಗಿ ಕಂಪನಿ ನೋಡ್ಕೊಳ್ತಿರೋದು. ತಂದೆಯವರ ಮಗ."

"ಎಲ್ಲರೂ ತಂದೆಯವರ ಮಕ್ಕಳೇ ಕಣಯ್ಯ. ನಿನ್ನ ಕತೆ ನಂಗೊತ್ತು."

"ಏನ್ರೀ ಹೀಗೆ ಮಾತಾಡ್ತೀರಿ?"

"ಅಸಲಿ ಯಜಮಾನ ಆಗಿದ್ರೆ ಹೇಳು ನೋಡೋಣ, ನಮ್ಮ ಗಡಿಯಾರದಲ್ಲಿ ಈಗ ಟೈಮ್ ಎಷ್ಟು?"

ಆ ಕಡೆಯವನು ಗೊಂದಲದಿಂದ, "ಹನ್ನೊಂದು" ಎಂದ.

"ತಪ್ಪು! ಹನ್ನೊಂದು ಹತ್ತು! ಸಿಕ್ಕಿಬಿದ್ಯಲ್ಲೋ! ಇನ್ನೊಂದು ಹೇಳು. ನಮ್ಮ ಕುರ್ಚಿಗಳು ಯಾವ ಕಡೆ ನೋಡ್ತಿವೆ?"

"ಕುರ್ಚಿ ನೋಡುತ್ತೇನ್ರೀ? ನಿಮಗೆ ತಲೆ ಸರಿ ಇದ್ಯಾ?"

"ಗೊತ್ತಿಲ್ಲ ತಾನೇ? ಇಡು ಫೋನು, ಕಳ್ಳ!"

ಅವನು ಫೋನು ಕುಕ್ಕಿದ. ಗೇಟಿನ ತಾತ ಡಬ್ಬದಿಂದೆದ್ದು ಚಪ್ಪಾಳೆ ತಟ್ಟಿದ. ಅಕ್ಕ ಮಾತ್ರ ಪೆನ್ನಿನ ಮುಚ್ಚಳ ಹಾಕುವುದನ್ನೇ ಮರೆತು ಕೂತಿದ್ದಳು.

"ಸಾರ್, ಸರಿಯಾದ ಟೈಮ್ ಹೇಳಿದ್ದಕ್ಕೆ ಬೈದ್ರಲ್ಲ."

ಶನಿವಾರ ಬೆಳಿಗ್ಗೆ ಲಾರಿಗಳು ಬಂದವು. ಹಳೇ ಸರಕು ವಾಪಸು, ಸಂಜೆಗೆ ಹೊಸ ಮಾದರಿಯ ಸರಕು, ಎಂದು ಆ ಗಂಭೀರ ದನಿ ಮೊದಲೇ ತಿಳಿಸಿತ್ತು. ಲಾರಿಯವರು ಬಂದ ಕೆಲಸ ಬೇಗ ಮುಗಿಸುವ ಅವಸರದಲ್ಲಿದ್ದರು. ಇನ್‌ಚಾರ್ಜು ಬಿಡಲಿಲ್ಲ.

"ಹಾಗೆ ಎಸೀಬೇಡ್ರಪ್ಪಾ, ಕಾಲು ಮುರಿದೀತು! ಒಂದರೊಳಗೊಂದು ಕೂರ್ಸಿ. ನಡುವೆ ಪೇಪರ್ ಇಡಿ. ತಾತಾ, ಹಳೇ ಪೇಪರ್ ಎಲ್ಲ ತಗೊಂಬಾ!"

ಕಳ್ಳರ ಇತಿಹಾಸದಲ್ಲಿ ಕದ್ದ ಮಾಲಿಗೆ ಇಷ್ಟು ಆರೈಕೆ ಎಂದೂ ಆಗಿರಲಾರದು. ಅವನು ತಾನೇ ಹಗ್ಗ ಬಿಗಿದ. ಗಂಟುಗಳನ್ನು ಎಳೆದೆಳೆದು ನೋಡಿದ. ಬಿಸಿಲಲ್ಲಿ ದಣಿದಿದ್ದ ಲಾರಿಯವರಿಗೆ ತಣ್ಣೀರು ಕೊಡಿಸಿದ. ಅವರಲ್ಲೊಬ್ಬ ನೀರು ಕುಡಿಯುತ್ತಾ ಅವನನ್ನೇ ದಿಟ್ಟಿಸಿದ. ಕೊನೆಗೆ ಪಾಪ ಅನ್ನಿಸಿತೋ ಏನೋ, ನೆಲ ನೋಡಿದ.

ಅಕ್ಕ ಛತ್ರಿ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಒಂದೇ ಒಂದು ಫೋನ್ ಸಾರ್. ಹೆಡ್ ಆಫೀಸಿನ ಹಳೇ ನಂಬರಿಗೆ ಮಾಡ್ತೀನಿ. ನಿಜ ಆದ್ರೆ ನಿಜ ಅಂತಾರೆ. ಕಳ್ಕೊಳ್ಳೋದೇನಿದೆ?"

"ಅಕ್ಕಾ, ನೀವು ಬಹಳ ಪ್ರಶ್ನೆ ಕೇಳ್ತೀರಿ."

"ಬಹಳ ಎಲ್ಲಿ ಸಾರ್? ವಾರದಿಂದ ಕೇಳ್ತಿರೋದು ಒಂದೇ."

ಅವನು ಕೈ ಚಾಚಿದ. ಅವಳ ಮೊಬೈಲು ಕ್ಯಾಬಿನ್ನಿನ ಡ್ರಾಯರಿಗೆ ಹೋಯಿತು, ಬೀಗ ಬಿತ್ತು. ದೊಡ್ಡವರು ಯಾರ ಬಗ್ಗೆ ಎಚ್ಚರಿಸಿದ್ದರೆಂಬುದು ಅವನಿಗೆ ಆ ಕ್ಷಣ ಹೊಳೆದಂತಾಯಿತು. ಅಕ್ಕನ ಮುಖ ನೋಡಲು ಅವನಿಗಾಗಲಿಲ್ಲ.

ಎರಡನೇ ಲಾರಿ ಅರ್ಧ ತುಂಬಿದಾಗ ಬಾಗಿಲಲ್ಲಿ ಟ್ಯಾಕ್ಸಿಯೊಂದು ನಿಂತಿತು. ಸುಕ್ಕುಗಟ್ಟಿದ ಷರ್ಟಿನ, ಬೆವರಿದ ಮುಖದ ಯುವಕನೊಬ್ಬ ಇಳಿದು, ಲಾರಿ ಕಂಡು, ಕೀರಲು ದನಿಯಲ್ಲಿ ಕೂಗಿಕೊಂಡ.

"ಏನ್ರೀ ಇದು? ಯಾರ್ರೀ ಇವರೆಲ್ಲ? ನಿಲ್ಸಿ! ನಾನು ಯಜಮಾನ!"

ಅದೇ ಸೀನುವ ದನಿ! ಇನ್‌ಚಾರ್ಜು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಯಜಮಾನ ಅನ್ನುವಂಥದ್ದು ಆ ಮೈಯಲ್ಲಿ ಎಲ್ಲೂ ಇರಲಿಲ್ಲ. ಕೂದಲು ಕೆದರಿತ್ತು, ಒಂದು ಬೂಟಿನ ಲೇಸು ಬಿಚ್ಚಿತ್ತು. ಅಸಲಿ ಯಜಮಾನರಿಗೆ ಇಂಥ ಗಂಟಲು ಎಲ್ಲಾದರೂ ಇರುತ್ತದೆಯೇ?

"ತಾತಾ, ಹಿಡಕೋ!"

ತಾತ ಮೊದಲು ರೂಢಿಯಂತೆ ಸಲಾಮು ಹೊಡೆದ, ಆಮೇಲೆ ಹಿಡಿದುಕೊಂಡ. ಇಬ್ಬರೂ ಸೇರಿ ಯುವಕನ ಮೊಬೈಲು ಕಿತ್ತುಕೊಂಡು ಅವನನ್ನು ಪ್ಯಾಕಿಂಗ್ ರೂಮಿಗೆ ತಳ್ಳಿದರು. ಚಿಲಕವಿತ್ತು, ಬೀಗವಿರಲಿಲ್ಲ. ಕೂಗಿದ ಕೂಡಲೇ ಪಕ್ಕದಂಗಡಿಯವನು ಒಳ್ಳೆಯದೊಂದು ಬೀಗ ತಂದು ತಾನೇ ಹಾಕಿಕೊಟ್ಟ.

"ಒಳಗೆ ಯಾರು?" ಎಂದ ಆಮೇಲೆ.

"ಡೂಪ್ಲಿಕೇಟ್ ಯಜಮಾನ."

"ಸರಿ ಬಿಡಿ. ಬೀಗ ಮಾತ್ರ ಒರಿಜಿನಲ್."

ಒಳಗಿಂದ ಬಾಗಿಲು ಗುದ್ದುವ ಸದ್ದು. "ಒಬ್ಬೊಬ್ಬರನ್ನೂ ಮನೆಗೆ ಕಳಿಸ್ತೀನಿ! ನಿಮ್ಮ ಕತೆ ಮುಗೀತು!"

ತಾತ ಅಳುಕುತ್ತಾ, "ಸಾರ್, ಹಳೇ ಯಜಮಾನ್ರು ಬೈದಂಗೇ ಬೈತಾನಲ್ಲ" ಎಂದ.

"ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದಾನೆ ತಾತಾ. ಇಂಥವರು ಬಹಳ ತಯಾರಿ ಮಾಡ್ತಾರೆ."

ಮೊಬೈಲು ಬಡಿದುಕೊಂಡಿತು. ಅವನು ಹಿಮ್ಮಡಿ ಕೂಡಿಸಿ ವರದಿ ಒಪ್ಪಿಸಿದ.

"ಭೇಷ್ ಮ್ಯಾನೇಜರೇ! ನಾನು ಪೊಲೀಸರನ್ನ ಕರ್ಕೊಂಡು ಬರ್ತಿದ್ದೀನಿ. ಅಲ್ಲಿ ತನಕ ಅವನನ್ನ ಬಿಡಬೇಡಿ. ಹಾಂ, ಇನ್ನೊಂದು. ನಿಮ್ಮ ಕ್ಯಾಬಿನ್ ಕುರ್ಚಿನೂ ಹತ್ತಿಸಿಬಿಡಿ."

"ಸಾರ್, ಅದು..."

"ಏನಾದ್ರೂ ಕೇಳ್ಬೇಕಿತ್ತಾ?"

ಒಂದು ಪದ ಅವನ ಗಂಟಲವರೆಗೆ ಬಂದಿತು. ನುಂಗಿಕೊಂಡ.

"ಇಲ್ಲ ಸಾರ್."

ಆ ಕುರ್ಚಿಯನ್ನು ಅವನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಒಮ್ಮೆ ಒರೆಸಿ, ತಾನೇ ಹೊತ್ತು ತಂದು, ಲಾರಿಯ ಹಿಂಭಾಗದಲ್ಲಿ ಹಗ್ಗ ಹಾಕಿ ಕಟ್ಟಿದ. ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಅದರ ಒಂದು ಗಾಲಿ ಗಾಳಿಯಲ್ಲಿ ತಿರುಗುತ್ತಲೇ ಇತ್ತು.

ಮಧ್ಯಾಹ್ನ ಕಳೆಯಿತು. ಹೊಸ ಸರಕು ಬರಲಿಲ್ಲ, ಪೊಲೀಸರೂ ಬರಲಿಲ್ಲ. ಆ ನಂಬರಿಗೆ ಫೋನು ಮಾಡಿದರೆ ಹೆಣ್ಣುದನಿಯೊಂದು, ನೀವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ ಎಂದು ವಿನಯದಿಂದ ಹೇಳಿತು. ಅವನು ಅದಕ್ಕೂ "ಸರಿ ಮೇಡಂ" ಎಂದ. ಖಾಲಿ ಹಜಾರದ ನೆಲದಲ್ಲಿ ಕುರ್ಚಿ ಕಾಲುಗಳ ಗುರುತು ಮಾತ್ರ ಸಾಲುಸಾಲಾಗಿ ಉಳಿದಿತ್ತು. ಒಂದು ಕೆಮ್ಮು ಕೆಮ್ಮಿದರೆ ಗೋಡೆಗಳೂ ಕೆಮ್ಮುತ್ತಿದ್ದವು. ಅವನು ತನ್ನ ಕಂಬಕ್ಕೆ ವಾಪಸು ಬಂದು ಒರಗಿದ. ಭುಜ ಹಳೆಯ ಕಪ್ಪು ಗುರುತಿನ ಮೇಲೆ ಸರಿಯಾಗಿ ಕೂತಿತು.

ಪ್ಯಾಕಿಂಗ್ ರೂಮಿನ ದನಿ ಮೊದಲು ಬೆದರಿಸಿತು, ಆಮೇಲೆ ಬೇಡಿತು, ಈಗ "ನೀರಾದ್ರೂ ಕೊಡ್ರೀ" ಅನ್ನುತ್ತಿತ್ತು.

"ಸಾರ್, ತೆಗೀರಿ. ಸಾಯ್ತಾನೆ" ಎಂದಳು ಅಕ್ಕ.

"ದೊಡ್ಡೋರು ಬರ್ಲಿ ಅಕ್ಕಾ. ಬಿಡಬೇಡಿ ಅಂದಿದ್ದಾರೆ."

ಅವಳು ಮತ್ತೆ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬೀಗದಂಗಡಿಯವನನ್ನು ಕರೆತಂದಳು.

"ಹಾಕಿಸಿದ್ದು ಇನ್‌ಚಾರ್ಜು, ತೆಗೆಸೋರು ನೀವು. ನಾನು ಯಾರ ಮಾತು ಕೇಳ್ಲಿ ತಾಯಿ?"

"ಒಳಗಿರೋನ ಮಾತು ಕೇಳಪ್ಪಾ."

ಬಾಗಿಲು ತೆರೆಯಿತು. ಯಜಮಾನರು ಹೊರಬಂದರು. ಕೂದಲ ತುಂಬ ಥರ್ಮಾಕೋಲಿನ ಕಾಳುಗಳು. ಅವರು ಕೂರಲು ಜಾಗ ಹುಡುಕಿದರು. ಕುರ್ಚಿ ಮಾರುವ ಕಂಪನಿಯ ಒಡೆಯರಿಗೆ ಆ ಇಡೀ ಕಟ್ಟಡದಲ್ಲಿ ಒಂದು ಕುರ್ಚಿ ಇರಲಿಲ್ಲ. ಅಕ್ಕ ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು, ಕುಡಿಯಲು ನೀರು ಕೊಟ್ಟಳು. ಅವರು ಗಟಗಟ ಕುಡಿದು, ಅವಳ ಕಡೆ ನೋಡದೆ ಲೋಟ ನೆಲಕ್ಕಿಟ್ಟರು.

ಬೀದಿಯಲ್ಲಿ ಎರಡು ದಿನ ಇದೇ ಮಾತು. "ಇವನೂ ಡೂಪ್ಲಿಕೇಟೇ ಇರಬಹುದು, ಯಾರಿಗೆ ಗೊತ್ತು?" ಎಂದು ಬೀಗದಂಗಡಿಯವನು ಬಂದವರಿಗೆಲ್ಲ ಹೇಳಿದ. "ನಾನು ದಿನಾ ಡೂಪ್ಲಿಕೇಟ್ ಕೀ ಮಾಡೋನು. ಬಾಗಿಲು ತೆಗೀತು ಅಂದ್ರೆ ಅದೇ ಅಸಲಿ." ಅತ್ತೆ ಫೋನು ಮಾಡಿ, "ಅಳಿಯಂದ್ರೇ, ಹಳೇ ಇನ್‌ಚಾರ್ಜ್ ಕೆಲಸ ಆದ್ರೂ ಇದ್ಯಾ?" ಎಂದರು.

ಮೂರನೇ ದಿನ ಯಜಮಾನರು ಅವನನ್ನು ಕ್ಯಾಬಿನ್ನಿಗೆ ಕರೆದರು. ಒಳಗೆ ಕುರ್ಚಿ ಇಲ್ಲದ್ದರಿಂದ ಇಬ್ಬರೂ ಎದುರುಬದುರು ನಿಂತರು. ಈಗ ಅವರ ಲೇಸು ಕಟ್ಟಿತ್ತು, ಕೂದಲು ಬಾಚಿತ್ತು.

"ನೋಡಿ, ನಾವೇ ಕೈಯಾರೆ ಲಾರಿ ಹತ್ತಿಸಿ ಕಳಿಸಿದ್ದಕ್ಕೆ ಇನ್ಶೂರೆನ್ಸ್‌ನವರು ನಯಾಪೈಸೆ ಕೊಡಲ್ವಂತೆ. ಒಳಗಿನವರು ಯಾರೋ ಕಳ್ಳರ ಜೊತೆ ಸೇರಿ ಮೋಸ ಮಾಡಿದ್ರೆ ಕೊಡ್ತಾರೆ. ಅರ್ಥ ಆಯ್ತಾ?"

"ಇಲ್ಲ ಸಾರ್."

"ಇವತ್ತು ಇನ್‌ಸ್ಪೆಕ್ಟರ್ ಬರ್ತಾರೆ. ಲಾರಿಯವರನ್ನ ಗೊತ್ತು ಮಾಡಿದ್ದು ಆ ಲೆಕ್ಕದ ಹೆಂಗಸು ಅಂತ ಹೇಳಿ. ನನ್ನ ಕೂಡಿಹಾಕೋಕೆ ಹೇಳಿದ್ದೂ ಅವಳೇ ಅಂತ ಹೇಳಿ."

"ಸಾರ್, ಬಾಗಿಲು ತೆಗೆಸಿದ್ದೇ ಅವರು."

"ನನಗೆ ಗೊತ್ತಿಲ್ವೇನ್ರೀ? ಒಳಗಿದ್ದಿದ್ದು ನಾನು." ಯಜಮಾನರು ಮೂಗು ಒರೆಸಿಕೊಂಡರು. "ನೀವು ಹೇಳಿದ್ರೆ ಕಂಪನಿ ಉಳಿಯುತ್ತೆ, ನಿಮ್ಮ ಕೆಲಸಾನೂ ಉಳಿಯುತ್ತೆ. ಇಲ್ಲಾಂದ್ರೆ ಯಜಮಾನನ್ನ ಕೂಡಿಹಾಕಿದ ಕೇಸು ನಿಮ್ಮ ಮೇಲೆ. ಹೊಸ ಕುರ್ಚಿ ಬರುತ್ತೆ ಈ ರೂಮಿಗೆ. ಯೋಚನೆ ಮಾಡಿ ಮ್ಯಾನೇಜರೇ."

ದನಿ ಬೇರೆ, ಮಾತು ಅದೇ. ಅವನು ಊಟಕ್ಕೆಂದು ಮನೆಗೆ ಹೋದ. ಹೆಂಡತಿ ಎಲ್ಲ ಕೇಳಿಸಿಕೊಂಡು, ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ರೀ, ಇವಳು ಹುಟ್ಟಿದಾಗ ನಿಮ್ಮನ್ನ ಆಸ್ಪತ್ರೆಗೆ ಕಳಿಸಿದ್ದು ಯಾರು? ಅವರ ಮನೆಯವರು ಹಾಸಿಗೇಲಿದ್ದಾರೆ. ಮಾಡದೇ ಇರೋ ತಪ್ಪನ್ನ ಅವರ ತಲೆಗೆ ಯಾಕೆ ಕಟ್ಬೇಕು ಅಂತ ಕೇಳಿ ಆ ಯಜಮಾನನ್ನ."

"ಕೇಳೋಕಾಗಲ್ಲ ಕಣೇ."

"ಯಾಕೆ?" ಎಂದಳು ಹೆಂಡತಿ.

"ಯಾಕೆ?" ಎಂದಳು ಮಗಳು, ಮೇಜಿನ ಕೆಳಗಿನಿಂದ.

"ಅಪ್ಪನಿಗೆ ಮಾತು ಕೊಟ್ಟಿದ್ದೀನಿ."

"ನಿಮ್ಮಪ್ಪ ಇನ್ನೊಬ್ಬರ ಮೇಲೆ ಸುಳ್ಳು ಹೇಳು ಅಂದಿದ್ರಾ?"

ಅವನು ನೆನಪು ಮಾಡಿಕೊಂಡು ನೋಡಿದ. "ಆ ವಿಷಯ ಅವರು ಏನೂ ಹೇಳಿರ್ಲಿಲ್ಲ" ಎಂದ.

ಇನ್‌ಸ್ಪೆಕ್ಟರು ದಪ್ಪನೆಯ ಮನುಷ್ಯ. ಇಬ್ಬರು ಪೇದೆಗಳ ಜೊತೆ ಬಂದವರೇ ಅಕ್ಕನ ಸ್ಟೂಲಿನ ಮೇಲೆ ಕೂತರು. ಅದು ಕಿರ್ ಎಂದಿತು. ಯಜಮಾನರು ಅವರ ಪಕ್ಕ ನಿಂತರು. ಬಾಗಿಲಲ್ಲಿ ಬೀಗದಂಗಡಿಯವನು, ಅವನ ಹಿಂದೆ ಅರ್ಧ ಬೀದಿ. ಅಕ್ಕನಿಗೆ ವಿಷಯ ಹೇಳಿರಲಿಲ್ಲ. ಅವಳು ಇನ್‌ಚಾರ್ಜಿಗೆ ಧೈರ್ಯ ಹೇಳುವಂತೆ ಹತ್ತಿರ ಬಂದು ಪಿಸುಗುಟ್ಟಿದಳು.

"ಹೆದರ್ಕೋಬೇಡಿ ಸಾರ್. ಮೋಸ ಹೋದೆ ಅಂತ ಇದ್ದದ್ದು ಹೇಳ್ಬಿಡಿ. ಯಾರಿಗಾದ್ರೂ ಆಗೋದೇ. ನಾನೂ ಹೇಳ್ತೀನಿ."

"ಏನ್ರೀ ಇನ್‌ಚಾರ್ಜ್, ಲಾರಿಯವರನ್ನ ಕರೆಸಿದ್ದು ಯಾರು?" ಎಂದರು ಇನ್‌ಸ್ಪೆಕ್ಟರು.

ಯಜಮಾನರು ಒಮ್ಮೆ ಕೆಮ್ಮಿದರು. ಗೋಡೆ ಗಡಿಯಾರ ಇನ್ನೂ ಹತ್ತು ನಿಮಿಷ ಮುಂದೆಯೇ ಓಡುತ್ತಿತ್ತು. ಅವನು ಹಿಮ್ಮಡಿ ಕೂಡಿಸಿದ, ಕಾಲರಿನ ಗುಂಡಿ ಹಾಕಿಕೊಂಡ, ಅಕ್ಕನ ಕಡೆ ಬೆರಳು ತೋರಿಸಿದ.

"ಇವರು ಸಾರ್."

"ಯಜಮಾನರನ್ನ ಕೂಡಿಹಾಕು ಅಂದಿದ್ದು?"

"ಇವರೇ ಸಾರ್."

ತಾತ ಏನೋ ಹೇಳಲು ಬಾಯಿ ತೆರೆದ. ಯಜಮಾನರು ಅವನ ಕಡೆ ನೋಡಿದರು. ತಾತ ಬಾಯಿ ಮುಚ್ಚಿಕೊಂಡು ಸಲಾಮು ಹೊಡೆದ. ಬೀಗದಂಗಡಿಯವನಿಗೆ ಆ ಗಳಿಗೆಯಲ್ಲಿ ಅಂಗಡಿಯಲ್ಲಿ ಯಾರೋ ಕರೆದಂತಾಯಿತು.

ಅಕ್ಕ ಕೂಗಾಡಲಿಲ್ಲ. ಇನ್‌ಚಾರ್ಜಿನ ಮುಖವನ್ನೇ ನೋಡುತ್ತಾ, ಮೊದಲ ದಿನ ಕುರ್ಚಿಗಳ ಬಗ್ಗೆ ಕೇಳಿದಷ್ಟೇ ಮೆಲ್ಲಗೆ ಕೇಳಿದಳು.

"ಯಾಕೆ ಸಾರ್?"

ಅವಳು ಊಟದ ಡಬ್ಬಿ ಮತ್ತು ಛತ್ರಿ ತೆಗೆದುಕೊಂಡು ಪೇದೆಗಳ ಹಿಂದೆ ಹೋದಳು. ಸ್ಟೂಲನ್ನು ಒಯ್ಯಲು ಆಗಲಿಲ್ಲ, ಇನ್‌ಸ್ಪೆಕ್ಟರು ಇನ್ನೂ ಅದರ ಮೇಲೆ ಕೂತು ಬರೆಯುತ್ತಿದ್ದರು. ಸಾಕ್ಷಿ ಸಾಲದೆ ಕೆಲವು ದಿನಗಳಲ್ಲಿ ಅವಳನ್ನು ಬಿಟ್ಟರು. ಆದರೆ ಆ ಪೇಟೆಯಲ್ಲಿ ಯಾರೂ ಅವಳಿಗೆ ಲೆಕ್ಕ ಬರೆಯುವ ಕೆಲಸ ಕೊಡಲಿಲ್ಲ.

ಹೊಸ ಸರಕು ಬಂತು. ಕ್ಯಾಬಿನ್ನಿಗೆ ಚರ್ಮದ ಕುರ್ಚಿ ಬಂತು. ಅವನು ಈಗ ಅದರಲ್ಲಿ ಕೂರುತ್ತಾನೆ, ಫೋನು ಬಂದರೆ ಎದ್ದು ನಿಲ್ಲುತ್ತಾನೆ. ಬಾಗಿಲ ಮೇಲೆ ಮ್ಯಾನೇಜರ್ ಎಂದು ಬರೆದಿದೆ. ಬೀದಿಯವರು ಇನ್‌ಚಾರ್ಜು ಎಂದೇ ಕರೆಯುತ್ತಾರೆ. ಹೆಂಡತಿ ಯಾವ ಹೆಸರಿನಿಂದಲೂ ಕರೆಯುವುದಿಲ್ಲ, ತಟ್ಟೆ ಇಟ್ಟು ಹೋಗುತ್ತಾಳೆ.

ಅಪ್ಪನಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಂಡ.